ಪ್ರಕಾಶ್ ಮಾವ ಹಾಕಿದ ಬೋನಸ್ ಲಿಂಕ್

ಗುಂಪು: ನಮ್ಮ ಬಳಗ, ದಾವಣಗೆರೆ–ಚಿತ್ರದುರ್ಗ

ಪ್ರಕಾಶ್: (ಬೇರೆ ಗುಂಪಿನಿಂದ ಬಂದದ್ದು) ಐನೂರು ಹಾಕಿ, ಐನೂರು ಬೋನಸ್ ಪಡೆಯಿರಿ. ಇಂದಿನ ಪಂದ್ಯದ ಖಚಿತ ಭವಿಷ್ಯ ನಮ್ಮಲ್ಲಿ ಮಾತ್ರ. ಕೆಳಗಿನ ಲಿಂಕ್ ಒತ್ತಿ.

ಪ್ರಕಾಶ್: ಗೆಳೆಯರೊಬ್ಬರು ಕಳುಹಿಸಿದರು. ಕ್ರಿಕೆಟ್ ನೋಡುವ ಹುಡುಗರಿಗೆ ಬೇಕಾಗಬಹುದು ಎಂದು ಹಾಕಿದ್ದೇನೆ.

ಶಶಿಕಲಾ: ಮಾವ, ದಯವಿಟ್ಟು ಇದನ್ನು ಈಗಲೇ ಅಳಿಸಿ. ಇದು ಬೆಟ್ಟಿಂಗ್ ಅಂಗಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಹಣ ಪಣಕ್ಕಿಟ್ಟು ಆಡುವ ಇಂಥ ಆಟ ಆಡಿಸಿದವರಿಗೆ ಮೂರು ವರ್ಷದವರೆಗೆ ಜೈಲು ಎಂದಿದೆ. ಜಾಹೀರಾತು ಮಾಡಿದವರಿಗೂ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿಯವರೆಗೆ ದಂಡ ಇದೆ.

ಪ್ರಕಾಶ್: ನಾನೇನು ಅಂಗಡಿ ಇಟ್ಟಿದ್ದೇನೆಯೇ ಶಶಿ? ಆಡುವುದು ಬಿಡುವುದು ಅವರವರ ಬುದ್ಧಿಗೆ ಬಿಟ್ಟದ್ದು. ಸಾರಾಯಿ ಅಂಗಡಿ ಇದೆ ಎಂದು ಎಲ್ಲರೂ ಕುಡಿಯುತ್ತಾರೆಯೇ?

ಬಸವರಾಜ ದೊಡ್ಡಪ್ಪ: ಆಡುವವರನ್ನೂ ಒಳಗೆ ಹಾಕಬೇಕು. ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿದ ದುಡ್ಡು ಊರು ಮುಟ್ಟುವಷ್ಟರಲ್ಲಿ ಮೊಬೈಲ್‌ನಲ್ಲಿ ಕರಗಿದ ಕಥೆಗಳನ್ನು ವಾರಕ್ಕೊಮ್ಮೆ ಕೇಳುತ್ತೇನೆ. ನಾಲ್ಕು ಜನರಿಗೆ ಶಿಕ್ಷೆಯಾದರೆ ಉಳಿದವರು ತಾವಾಗಿಯೇ ನಿಲ್ಲಿಸುತ್ತಾರೆ.

ಕಿರಣ: ದೊಡ್ಡಪ್ಪ, ಎಲ್ಲವನ್ನೂ ಒಂದೇ ಮೂಟೆಗೆ ತುಂಬಬೇಡಿ. ರಮ್ಮಿ ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿದೆ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ನಿಷೇಧ ತಂದಾಗ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಆ ಭಾಗಗಳನ್ನು ರದ್ದು ಮಾಡಿತು. ಕೇಂದ್ರದ ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳನ್ನೂ ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿದೆ. ಕೇಂದ್ರದ ಈ ನಿಷೇಧದಿಂದ ಆದದ್ದೇನು? ಇಲ್ಲಿ ತೆರಿಗೆ ಕಟ್ಟುತ್ತಿದ್ದ ಕಂಪನಿಗಳು ಹಣದ ಆಟ ನಿಲ್ಲಿಸಿದವು. ಹೊರದೇಶದ ತಾಣಗಳು ಹೆಸರು ಬದಲಿಸಿಕೊಂಡು ಬರುತ್ತಲೇ ಇವೆ.

ರತ್ನಮ್ಮ: ಚಿತ್ರದುರ್ಗದ ಶಾಸಕರನ್ನೇ ಅಕ್ರಮ ಬೆಟ್ಟಿಂಗ್ ಆರೋಪದಲ್ಲಿ ಜಾರಿ ನಿರ್ದೇಶನಾಲಯ ಬಂಧಿಸಿತ್ತಲ್ಲ. ಆರೋಪದ ಮಾತು ನ್ಯಾಯಾಲಯಕ್ಕೆ ಇರಲಿ. ನಮ್ಮ ಮನೆಯ ಗುಂಪಿಗೆ ಈ ಲಿಂಕ್ ಏಕೆ ಪ್ರಕಾಶ?

ಶಶಿಕಲಾ: ಕಿರಣ, ನೀನು ಹೇಳಿದ ತೀರ್ಪುಗಳು ನಿಜ. ಆದರೆ 1968ರ ಪ್ರಕರಣ ಸಿಕಂದರಾಬಾದಿನ ಒಂದು ಕ್ಲಬ್ಬಿನದು. ಅಲ್ಲಿ ಮೇಜಿನ ಸುತ್ತ ಗುರುತಿನವರು ಕುಳಿತು ಆಡುತ್ತಿದ್ದರು. ಆಟ ಮುಗಿದರೆ ಎದ್ದು ಮನೆಗೆ ಹೋಗಬೇಕಿತ್ತು. ಮೊಬೈಲ್ ಮುಚ್ಚುವುದೇ ಇಲ್ಲ. ಯಾರು ಎಷ್ಟು ಹೊತ್ತಿಗೆ ಆಡುತ್ತಾರೆ, ಎಷ್ಟು ಸೋತ ಮೇಲೆ ಎದ್ದು ಹೋಗುತ್ತಾರೆ ಎಂಬ ಲೆಕ್ಕವೆಲ್ಲ ಆಡಿಸುವವನ ಬಳಿ ಇರುತ್ತದೆ. ಬಿಟ್ಟು ಹೋದವನಿಗೆ ಸರಿಯಾಗಿ ಸಂಬಳದ ದಿನ ಬೋನಸ್ ಸಂದೇಶ ಬರುತ್ತದೆ. ಅಲ್ಲಿ ಕೌಶಲ ಯಾರದು?

ಮಾವ, "ಅವರವರ ಬುದ್ಧಿ" ಎಂದಿರಿ. ಬ್ಯಾಂಕಿನ ಕೌಂಟರ್‌ನಲ್ಲಿ ಕುಳಿತು ಇಂಥ ಖಾತೆಗಳನ್ನು ನೋಡಿದ್ದೇನೆ. ಮೊದಲು ಇನ್ನೂರು, ಮುನ್ನೂರು. ಒಂದೆರಡು ಸಲ ಗೆದ್ದ ಹಣ ಬರುತ್ತದೆ. ಆಮೇಲೆ ರಾತ್ರಿ ಹನ್ನೊಂದರ ನಂತರ ಸಾಲು ಸಾಲಾಗಿ ಸಾವಿರ, ಎರಡು ಸಾವಿರ. ಕೊನೆಗೆ ಸಾಲದ ಆ್ಯಪ್‌ನಿಂದ ಬಂದ ಹಣ ನಿಮಿಷಗಳಲ್ಲಿ ಹೊರಗೆ. ಒಂದು ಬೋರ್‌ವೆಲ್ ಬತ್ತಿತೆಂದು ಅದರ ಸಾಲ ತೀರಿಸಲು ಎರಡನೆಯದು, ಮೂರನೆಯದು ಕೊರೆಸುವ ರೈತನಂತೆ, ಹೋದ ಹಣವನ್ನು ಹಿಂದೆ ತರಲೆಂದೇ ಇವರು ಆಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ಚಟವೂ ಇದೆ. ಇವರನ್ನು ದಡ್ಡರೆಂದು ಬೈದರೆ ಬಚ್ಚಿಟ್ಟು ಆಡುತ್ತಾರೆ, ಅಷ್ಟೇ.

ಪ್ರಕಾಶ್: ಸರಿಯಮ್ಮ, ಅಳಿಸಿದೆ. ಆದರೆ ಬ್ಯಾಂಕಿನವರಿಗೆ ಇಷ್ಟೆಲ್ಲ ಕಾಣುತ್ತದೆ ಎಂದರೆ ನೀವೇಕೆ ತಡೆಯುವುದಿಲ್ಲ?

ಶಶಿಕಲಾ: ಕೇಳಬೇಕಾದ ಪ್ರಶ್ನೆ ಮಾವ. ಹಣ ಆ ತಾಣದ ಹೆಸರಿಗೆ ಹೋಗುವುದೇ ಇಲ್ಲ. ಯಾವುದೋ ಊರಿನ ಕೂಲಿಯವರ, ವಿದ್ಯಾರ್ಥಿಯ ಖಾತೆಗೆ ಹೋಗುತ್ತದೆ. ನಾಳೆ ಇನ್ನೊಂದು ಖಾತೆ. ಆ ಖಾತೆಯ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಆಡಿಸುವವರು ಬಾಡಿಗೆಗೆ ಪಡೆದಿರುತ್ತಾರೆ. ನಿಷೇಧದ ಬಲ ತೋರಬೇಕಾದದ್ದು ಇಲ್ಲಿ. ಹಣ ದಾಟಿಸುವವರಿಗೂ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು ಇದೆ. ನಿಷೇಧ ಬೇಕು ಎನ್ನುವವಳು ನಾನು. ಆದರೆ ತಾಣ ಮುಚ್ಚಿದ ಮಾತ್ರಕ್ಕೆ ಚಟ ಬಿಡುವುದಿಲ್ಲ. ಬ್ರಿಟನ್ನಿನಲ್ಲಿ ಜೂಜಿಗೆ ಕ್ರೆಡಿಟ್ ಕಾರ್ಡ್ ಬಳಸುವುದನ್ನು 2020ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು. "ನನ್ನನ್ನು ಒಳಗೆ ಬಿಡಬೇಡಿ" ಎಂದು ಒಮ್ಮೆ ಹೆಸರು ಬರೆಸಿದರೆ ಪರವಾನಗಿ ಪಡೆದ ಎಲ್ಲ ತಾಣಗಳೂ ಆ ವ್ಯಕ್ತಿಯನ್ನು ತಡೆಯಬೇಕು. ಜೂಜಿನ ಪಾವತಿಗೆ ಬೀಗ ಹಾಕಿಸಿಕೊಳ್ಳುವ ಸೌಲಭ್ಯ ಅಲ್ಲಿನ ಹಲವು ಬ್ಯಾಂಕುಗಳಲ್ಲಿದೆ. ನಮ್ಮ ಗ್ರಾಹಕ ತಾನಾಗಿ ಬಂದು "ನನ್ನ ಖಾತೆಯನ್ನು ಬಿಗಿ ಮಾಡಿ" ಎಂದರೆ ಯುಪಿಐ ಮಿತಿ ಇಳಿಸುವಂಥ ಕೆಲವನ್ನು ಬಿಟ್ಟರೆ ಹೆಚ್ಚೇನೂ ನನ್ನ ಕೈಯಲ್ಲಿಲ್ಲ. ಅದು ನನ್ನನ್ನು ಬಹಳ ಕಾಡುತ್ತದೆ.

ಕಿರಣ: ಹಾಗಾದರೆ ಪರವಾನಗಿ ಕೊಟ್ಟು ಬಿಗಿಯಾಗಿ ನಡೆಸಿ ಎಂದು ನೀನೇ ಒಪ್ಪಿದಂತಾಯಿತಲ್ಲ ಅಕ್ಕ?

ಶಶಿಕಲಾ: ಇಲ್ಲ. ಬೀಗ ಬೇಕು ಎಂದೆ, ಅಂಗಡಿ ಬೇಕು ಎನ್ನಲಿಲ್ಲ.

ರತ್ನಮ್ಮ: ನಮ್ಮ ಓಣಿಯ ಒಬ್ಬ ತಾಯಿ ಮಗನ ವಿಷಯ ಹೇಳಿಕೊಂಡು ಅತ್ತಳು. ಯಾರಿಗಾದರೂ ಹೇಳಿದರೆ ಪೊಲೀಸರು ಹಿಡಿಯುತ್ತಾರೆಂದು ಹೆದರಿದ್ದಾಳೆ.

ಶಶಿಕಲಾ: ಅತ್ತೆ, ಹೊಸ ಕೇಂದ್ರ ಕಾಯ್ದೆಯಲ್ಲಿ ಆಡಿದವನಿಗೆ ಶಿಕ್ಷೆ ಇಲ್ಲ. ದೊಡ್ಡಪ್ಪ, ನೀವು ಹೇಳಿದಂತೆ ಅವರನ್ನೂ ಒಳಗೆ ಹಾಕಿದರೆ ಈ ತಾಯಿ ಬಾಯಿಯನ್ನೇ ತೆರೆಯುವುದಿಲ್ಲ. ಅತ್ತೆ, 14416ಕ್ಕೆ ಕರೆ ಮಾಡಲು ಹೇಳಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನೂ ಕಾಣಲಿ. ಸಾಲ ತೀರಿಸಲೆಂದು ಹುಡುಗನ ಕೈಗೆ ನಗದು ಕೊಡುವುದು ಬೇಡ. ಸಾಯುವ ಮಾತು ಆಡಿದರೆ ಒಬ್ಬನನ್ನೇ ಬಿಡುವುದು ಬೇಡ.

ಬಸವರಾಜ ದೊಡ್ಡಪ್ಪ: ಆಡಿಸುವವರನ್ನಂತೂ ಬಿಡಬಾರದು. ಆ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ.

ಶಶಿಕಲಾ: ತೆಗೆದುಕೊಳ್ಳಲೂಬೇಡಿ ದೊಡ್ಡಪ್ಪ.

ಕಿರಣ: ಅಕ್ಕ, ಬಾಡಿಗೆ ಖಾತೆ ಎಂದೆಯಲ್ಲ. ಹಾಸ್ಟೆಲ್‌ನಲ್ಲಿ ಒಬ್ಬ ಕಾರ್ಡ್, ಸಿಮ್ ಎರಡನ್ನೂ ಯಾರಿಗೋ ಕೊಟ್ಟಿದ್ದಾನೆ. ತಿಂಗಳಿಗೆ ಇಷ್ಟು ಎಂದು ಮಾತಾಗಿದೆಯಂತೆ. ಈಗ ಏನು ಮಾಡಬೇಕು?

ಶಶಿಕಲಾ: ಕಾರ್ಡನ್ನು ಈಗಲೇ ಬ್ಲಾಕ್ ಮಾಡಿಸಲಿ. ಸಿಮ್ ಅನ್ನೂ ನಿಲ್ಲಿಸಲಿ. ನಾಳೆ ಬೆಳಿಗ್ಗೆ ತಂದೆಯನ್ನು ಕರೆದುಕೊಂಡು ತನ್ನ ಶಾಖೆಗೆ ಹೋಗಿ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಲಿ. ಆಮೇಲೆ ವಕೀಲರೊಬ್ಬರನ್ನು ಕೇಳಿ ಸೈಬರ್ ಠಾಣೆಗೂ ತಿಳಿಸಲಿ. ಅವನಿಗೆ ನನ್ನ ನಂಬರ್ ಕೊಡು, ಇಂದು ರಾತ್ರಿಯೇ ಮಾತನಾಡುತ್ತೇನೆ.