ರಾತ್ರಿ ಮೂರಕ್ಕೆ ಎಚ್ಚರ, ಎದೆ ಡವಡವ: ಇದು ಚಟದಿಂದಲಾ, ಮನಸ್ಸಿಂದಲಾ?

ತೋಟದ ರೈಟರ್, ಮೂಡಿಗೆರೆ ಕಡೆ

ನಮಸ್ಕಾರ. ಕಾಫಿ ತೋಟದಲ್ಲಿ ರೈಟರ್ ಕೆಲಸ. ಈಗ ರೊಬಸ್ಟಾ ಕುಯ್ಲು. ಹಣ್ಣು ತೂಕ ಹಾಕಿ, ಹಾಜರಿ ಬರೆದು, ಕಣದಲ್ಲಿ ಟಾರ್ಪಾಲ್ ಮುಚ್ಚಿಸುವಷ್ಟರಲ್ಲಿ ಕತ್ತಲಾಗುತ್ತದೆ. ಆಮೇಲೆ ಲೆಕ್ಕ. ಪಕ್ಕದಲ್ಲಿ ಫ್ಲಾಸ್ಕ್ ಇರಲೇಬೇಕು. ನಮ್ಮ ತೋಟದ್ದೇ ಪುಡಿ, ಚಿಕೋರಿ ಇಲ್ಲದ್ದು. ಬಾಯಲ್ಲಿ ಗುಟ್ಕಾ. ಕಣ್ಣು ಮುಚ್ಚಲ್ಲ ಅಂತ ಒಂದು ನೈಂಟಿ ಹಾಕಿ ಮೊಬೈಲ್ ಹಿಡಿದು ಮಲಗುತ್ತೇನೆ.

ಮೂರು ಗಂಟೆಗೆ ಎಚ್ಚರ. ಮೈ ಬೆವರು, ಎದೆ ಡವಡವ. ಯಾವುದೋ ಚೀಲದ ತೂಕ ತಪ್ಪಾಯ್ತೇನೋ ಅಂತ ಅದೇ ತಲೆಯಲ್ಲಿ ಗಿರಕಿ. ಮೊನ್ನೆ ತೂಕದ ಹೊತ್ತಲ್ಲಿ ಚೀಲದ ಮೇಲೆ ಕೂತಿದ್ದೆ, ಸುಮ್ನೆ ಅಳು ಬಂತು. ಕಣ್ಣಿಗೆ ಧೂಳು ಬಿತ್ತು ಅಂದೆ. ಮೇಸ್ತ್ರಿ ಅಂತ್ರ ಕಟ್ಟಿಸಿ ಅಂತಾನೆ, ಹೆಂಡತಿ ಕುಡಿತ ಬಿಡಿ ಅಂತಾಳೆ. ಯಾರ ಮಾತು ಕೇಳಲಿ?

ನರ್ಸಕ್ಕ, ಸಕಲೇಶಪುರ

ಹೆಂಡತಿ ಮಾತು ಕೇಳಿ ಅಣ್ಣಾ, ಆದರೆ ಕಾಫಿಯನ್ನೂ ಸೇರಿಸಿಕೊಳ್ಳಿ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಕೆಫೀನ್ ಇರುತ್ತೆ. ಕುಡಿದು 5 ಗಂಟೆ ಕಳೆದರೂ ಸುಮಾರು ಅರ್ಧ ಮೈಯಲ್ಲೇ ಉಳಿದಿರುತ್ತೆ. ಎಂಟಕ್ಕೆ ಫ್ಲಾಸ್ಕ್ ಖಾಲಿ ಮಾಡಿದವರಿಗೆ ನಿದ್ದೆ ಎಲ್ಲಿಂದ ಬರಬೇಕು? ನೈಂಟಿ ಮೊದಲು ಮಂಪರು ತರುತ್ತೆ. ಅದರ ಅಮಲು ಇಳಿಯುವಾಗ ನಿದ್ದೆ ಒಡೆಯುತ್ತೆ, ಎದೆ ಬಡಿತ ಏರುತ್ತೆ. ನಿಮ್ಮ ಮೂರು ಗಂಟೆ ಅದೇ ಇರಬಹುದು. ಗುಟ್ಕಾದ ತಂಬಾಕು ಸಮಾಧಾನ ಕೊಟ್ಟ ಹಾಗೆ ಅನ್ನಿಸುತ್ತೆ ಅಷ್ಟೇ. ಬಹುಪಾಲು ಅದು ಹಿಂದಿನ ಪ್ಯಾಕೆಟ್ ಹುಟ್ಟಿಸಿದ ಚಡಪಡಿಕೆಗೇ ಸಮಾಧಾನ.

ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯುವವರಾದರೆ ಒಂದೇ ಸಲ ನಿಲ್ಲಿಸಬೇಡಿ. ಕೈ ನಡುಕ, ಫಿಟ್ಸ್ ಬಂದವರಿದ್ದಾರೆ. ಡಾಕ್ಟರ್‌ಗೆ ಹೇಳಿ ಬಿಡಿ. ಬಿಪಿ, ಶುಗರ್, ಥೈರಾಯ್ಡ್ ಕೂಡ ನೋಡಿಸಿ.

ಮೇಷ್ಟ್ರು, ಹಾಸನ

ಅಕ್ಕ ಹೇಳಿದ್ದು ಸರಿ, ಆದರೆ ಎಲ್ಲಾ ಚಟದ ಮೇಲೇ ಹಾಕಬೇಡಿ. ನನ್ನ ತಮ್ಮ ಒಂದು ತೊಟ್ಟು ಕುಡಿಯುವವನಲ್ಲ. ಮೊದಲು ಮಂಕಾದ, ಆಮೇಲೆ ರಾತ್ರಿಯೆಲ್ಲಾ ಮೊಬೈಲ್, ಹಗಲೆಲ್ಲಾ ಹಾಸಿಗೆ. ನೋಡಿದವರೆಲ್ಲಾ ಸೋಮಾರಿ ಅಂದರು. ಖಿನ್ನತೆ ಅಂತ ಡಾಕ್ಟರ್ ಹೇಳಿದರು, ಮಾತ್ರೆ ಶುರುವಾಯ್ತು. ಬೆಳಗಿನ ವಾಕಿಂಗ್ ಎಲ್ಲಾ ಅದಾದ ಮೇಲೆ ಕೈಗೂಡಿದ್ದು. ಮನಸ್ಸು ಕೆಟ್ಟರೆ ಚಟ ಹೆಚ್ಚುತ್ತೆ, ಚಟ ಹೆಚ್ಚಿದರೆ ಮನಸ್ಸು ಕೆಡುತ್ತೆ. ಯಾವುದು ಮೊದಲು ಅಂತ ನಾವು ಇಲ್ಲಿ ಕೂತು ಹೇಳೋಕಾಗಲ್ಲ. ಅಳು ಬಂತು ಅಂದರಲ್ಲ, ಅದನ್ನೂ ಡಾಕ್ಟರ್ ಮುಂದೆ ಹೇಳಿ.

ತೋಟದ ರೈಟರ್

ಇಬ್ಬರಿಗೂ ಥ್ಯಾಂಕ್ಸ್. ನೈಂಟಿ ಈಗ ದಿನಾ ಆಗಿಬಿಟ್ಟಿದೆ ಅಕ್ಕ, ಕೆಲವು ದಿನ ಕ್ವಾರ್ಟರ್. ಸಂಜೆ ಕಾಫಿ ಬಿಟ್ಟು ಬೆಲ್ಲದ ಕಷಾಯ ಕುಡಿಯಬಹುದು, ಅದು ಕಷ್ಟ ಇಲ್ಲ. ಆದರೆ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರ್ ಬಾಗಿಲಲ್ಲಿ ನಿಂತಿದ್ದನ್ನು ಯಾರಾದರೂ ನೋಡಿದರೆ ಮಾರನೇ ದಿನ ಕಣದ ತುಂಬಾ ಅದೇ ಸುದ್ದಿ.

ನರ್ಸಕ್ಕ, ಸಕಲೇಶಪುರ

ಹಾಗಾದರೆ ಮೊದಲು ಫೋನ್ ಮಾಡಿ. 14416, ಸರ್ಕಾರದ ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಇರೋ ಸಹಾಯವಾಣಿ. ದುಡ್ಡಿಲ್ಲ, ಮೂರು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ದಿನಾ ಕುಡಿಯುತ್ತೀರಿ ಅನ್ನೋದನ್ನ ಮುಚ್ಚಿಡಬೇಡಿ. ಆಮೇಲೆ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿ ಮನಸ್ಸಿನ ಡಾಕ್ಟರ್ ಯಾವತ್ತು ಬರುತ್ತಾರೆ ಅಂತ ಕೇಳಿಕೊಳ್ಳಿ.

ತೋಟದ ರೈಟರ್

ಕುಯ್ಲಲ್ಲಿ ರಜೆ ಸಿಗೋದೇ ಕಷ್ಟ. ಸಾಹುಕಾರ್ರಿಗೆ ಹೊಟ್ಟೆನೋವು ಅಂತ ಹೇಳಲಾ?

ನರ್ಸಕ್ಕ, ಸಕಲೇಶಪುರ

ನಿದ್ದೆ ಬರ್ತಿಲ್ಲ, ಲೆಕ್ಕ ತಪ್ಪುತ್ತೆ ಅನ್ನಿ. ಅರ್ಧ ದಿನ ಬಿಟ್ಟೇ ಬಿಡುತ್ತಾರೆ.