ಲಾರ್ಡ್ಸ್ ಆಫ್ ವಾಟರ್‌ಡೀಪ್: ಹಾರ್ಬರ್‌ಗೆ ಯಾರೂ ಹೋಗ್ತಿಲ್ಲ, ಏನು ಎಡವಟ್ಟು?

ಚೌಕಾಬಾರ: ಮನೇಲಿ ಮೂವರು ಈ ಬೋರ್ಡ್ ಗೇಮ್ ಆಡ್ತೀವಿ, ವರ್ಕರ್ ಪ್ಲೇಸ್‌ಮೆಂಟ್ ಆಟ (ಬೋರ್ಡಿನ ಒಂದೊಂದು ಜಾಗಕ್ಕೆ ಕಾಯಿ ಇಟ್ಟು ಅಲ್ಲಿನ ಲಾಭ ತಗೊಳ್ಳೋದು) ಎಲ್ಲರಿಗೂ ಇದೇ ಮೊದಲು. ತಲಾ ಎರಡು ಏಜೆಂಟ್, ಅಂದ್ರೆ ಕಾಯಿ. ಬೋರ್ಡಲ್ಲಿರೋ ಹಾರ್ಬರ್ ಅನ್ನೋ ಜಾಗಕ್ಕೆ ಹೋದ್ರೆ ಒಂದು ಇಂಟ್ರೀಗ್ ಕಾರ್ಡ್ (ನಮಗೆ ಲಾಭ ಇಲ್ಲಾ ಎದುರಾಳಿಗೆ ತೊಂದರೆ ಕೊಡೋ ಕಾರ್ಡ್) ಆಡಬಹುದು, ಅಷ್ಟೇ. ಅದೇ ಏಜೆಂಟನ್ನ ಫೀಲ್ಡ್ ಆಫ್ ಟ್ರಯಂಫ್‌ಗೆ ಕಳಿಸಿದ್ರೆ ಎರಡು ಕಿತ್ತಳೆ ಕ್ಯೂಬ್ ಗ್ಯಾರಂಟಿ. ಹಾಗಾಗಿ ಹಾರ್ಬರ್ ಖಾಲಿ, ಕಾರ್ಡೆಲ್ಲ ಕೈಯಲ್ಲೇ. 8 ಸುತ್ತು ಮುಗಿದ್ರೂ ಕ್ವೆಸ್ಟ್ (ಕ್ಯೂಬ್ ಕೊಟ್ಟು ಮುಗಿಸಿ ಅಂಕ ಗಳಿಸೋ ಕೆಲಸ) ಪೂರ್ತಿ ಆಗೋದೇ ಅಪರೂಪ.

ಪಗಡೆರಾಯ: ಸುತ್ತಿನ ಕೊನೆಗೆ ಹಾರ್ಬರ್‌ನಲ್ಲಿರೋ ಏಜೆಂಟನ್ನ ಏನು ಮಾಡ್ತೀರಿ?

ಚೌಕಾಬಾರ: ಉಳಿದವರ ಜೊತೆ ವಾಪಸ್ ತಗೋತೀವಿ.

ಪಗಡೆರಾಯ: ಸಿಕ್ತು ನೋಡಿ. ಎಲ್ಲರ ಏಜೆಂಟ್‌ಗಳೂ ಇಟ್ಟಾದ ಮೇಲೆ, ಹಾರ್ಬರ್‌ನಲ್ಲಿರೋರನ್ನ ಅಲ್ಲಿನ 1, 2, 3 ನಂಬರಿನ ಮನೆಗಳ ಕ್ರಮದಲ್ಲಿ ಎತ್ತಿ ಬೋರ್ಡಲ್ಲಿ ಖಾಲಿ ಉಳಿದ ಜಾಗಕ್ಕೆ ಇಡಬೇಕು. ಮತ್ತೆ ಹಾರ್ಬರ್‌ಗೇ ಇಡೋ ಹಾಗಿಲ್ಲ. ಅಂದ್ರೆ ಕಾರ್ಡೂ ಆಡಿದಿರಿ, ಅದೇ ಏಜೆಂಟಿಂದ ಇನ್ನೊಂದು ಕೆಲಸವೂ ಆಯ್ತು. ಒಂದೇ ಅಪಾಯ, ನೀವು ಕಣ್ಣಿಟ್ಟ ಜಾಗ ಅಷ್ಟರಲ್ಲಿ ಬೇರೆಯವರ ಪಾಲಾಗಿರಬಹುದು. ನೇರಳೆ ಕ್ಯೂಬ್ ಬೇಕೇಬೇಕು ಅಂದ್ರೆ ಮೊದಲು ಬ್ಲ್ಯಾಕ್‌ಸ್ಟಾಫ್ ಟವರ್ ಹಿಡೀರಿ, ಹಾರ್ಬರ್ ಆಮೇಲೆ.

ಕವಡೆ_ಕಾಯಿ: ಏಜೆಂಟ್ ಲೆಕ್ಕವೂ ತಪ್ಪಿದೆ. ಇಬ್ಬರು ಆಡಿದ್ರೆ ತಲಾ 4, ಮೂವರಿಗೆ 3, ನಾಲ್ಕೈದು ಜನಕ್ಕೆ 2. ಐದನೇ ಸುತ್ತಿನ ಶುರುವಿನಲ್ಲಿ ಎಲ್ಲರಿಗೂ ಇನ್ನೊಬ್ಬ ಏಜೆಂಟ್ ಸೇರ್ತಾನೆ. ನೀವು ಇಷ್ಟು ದಿನ ಅರ್ಧ ಹೊಟ್ಟೆಯಲ್ಲಿ ಆಡಿದ್ದೀರಿ.

ಚೌಕಾಬಾರ: ಅಯ್ಯೋ! ಹಾಗೆ ಎರಡನೇ ಸಲ ಇಟ್ಟಾಗ ಕ್ವೆಸ್ಟ್ ಮುಗಿಸಬಹುದಾ? ಮಗ ಆಗಲ್ಲ ಅಂತಾನೆ.

ಪಗಡೆರಾಯ: ಮಗನಿಗೆ ರೂಲ್‌ಬುಕ್ ತೋರಿಸಿ. ಏಜೆಂಟ್ ಇಟ್ಟ ಪ್ರತಿ ಸಲವೂ ಒಂದು ಕ್ವೆಸ್ಟ್ ಮುಗಿಸಬಹುದು, ಹಾರ್ಬರ್‌ನಿಂದ ಎತ್ತಿಟ್ಟಾಗಲೂ ಅಷ್ಟೇ.

ಕವಡೆ_ಕಾಯಿ: ಇನ್ನು ಹಾರ್ಬರ್‌ನಲ್ಲಿ ನೂಕುನುಗ್ಗಲು ಶುರುವಾಗುತ್ತೆ, ಮ್ಯಾಂಡೇಟರಿ ಕ್ವೆಸ್ಟ್ (ಕಡ್ಡಾಯ ಕ್ವೆಸ್ಟ್) ಅನ್ನೋ ಇಂಟ್ರೀಗ್ ಕಾರ್ಡ್ ಬಗ್ಗೆ ಹುಷಾರು. ಅದನ್ನ ಯಾರಾದ್ರೂ ನಿಮ್ಮ ತಲೆಗೆ ಕಟ್ಟಿದ್ರೆ, ಅದು ಮುಗಿಯೋವರೆಗೂ ಬೇರೆ ಯಾವ ಕ್ವೆಸ್ಟೂ ಮುಗಿಸೋ ಹಾಗಿಲ್ಲ. ಸಿಗೋ ಅಂಕವೂ ಅಷ್ಟಕ್ಕಷ್ಟೇ. ಕೊನೇ ಸುತ್ತಿಗೆ ದೊಡ್ಡ ಕ್ವೆಸ್ಟ್ ಉಳಿಸ್ಕೊಂಡು ಕೂತವರಿಗೇ ಇದು ಬೀಳೋದು.

ಚೌಕಾಬಾರ: ಅಂಥ ಎರಡು ಕಾರ್ಡ್ ಮೊನ್ನೆ ನನ್ನ ಹತ್ರ ಸುಮ್ಮನೆ ಕೊಳೀತಿದ್ವು! ಭಾನುವಾರ ಮಗನಿಗೇ ಮೊದಲು.