ಒಡ್ಡೋ, ಟ್ರೆಂಚೋ?

ಮಾಮ: (ಫೋಟೋ) ವಿಮಾನದಿಂದ ತೆಗೆದ ಹಳೇ ಚಿತ್ರ. ನಮ್ಮ ಹಗರಿ ಹತ್ತಿರ ಮೊದಲ ಮಹಾಯುದ್ಧದ ಟ್ರೆಂಚ್ ಅಂತೆ, ಸೈನಿಕರು ಅಡಗಿ ಕಾದಾಡುತ್ತಿದ್ದ ಕಂದಕ! ಆಗ ಬಳ್ಳಾರಿಯಲ್ಲಿ ಟರ್ಕಿ ಸೈನಿಕರನ್ನು ಸೆರೆ ಇಟ್ಟಿದ್ದರಲ್ವಾ? ಎಲ್ಲರಿಗೂ ಕಳಿಸಿ.

ಅಕ್ಕ: ಸೆರೆ ಇಟ್ಟಿದ್ದು ನಿಜ ಮಾಮ. ಕೈದಿಗಳಿಗೆ ಬೇಲಿ ಸಾಕು, ಟ್ರೆಂಚ್ ಯಾಕೆ?

ಚಿಕ್ಕಪ್ಪ: ಟ್ರೆಂಚೂ ಇಲ್ಲ, ಏನೂ ಇಲ್ಲ. ಹೊಲದ ಒಡ್ಡು ಅದು. ಸುಮ್ನೆ ಯಾರೋ ಕಥೆ ಕಟ್ಟಿದ್ದಾರೆ.

ಅಕ್ಕ: ಒಡ್ಡು ಇಳಿಜಾರಿಗೆ ಅಡ್ಡವಾಗಿ, ನೆಲದ ಮಟ್ಟ ಹಿಡಿದು ನಯವಾಗಿ ಬಾಗುತ್ತದೆ. ಇಲ್ಲಿ ನೋಡಿ, ಕೆಲವೇ ಮೀಟರ್‌ಗೆ ಒಮ್ಮೆ ಚೌಕವಾಗಿ ಮುರಿದಿದೆ. ಟ್ರೆಂಚ್ ನೇರ ಅಗೆದರೆ ಒಂದು ತುದಿಯಿಂದ ಹಾರಿಸಿದ ಗುಂಡು ಇನ್ನೊಂದು ತುದಿವರೆಗೂ ಹೋಗುತ್ತದೆ. ಶೆಲ್, ಅಂದರೆ ಫಿರಂಗಿ ಗುಂಡು, ಒಳಗೇ ಸಿಡಿದರೂ ಚೂರುಗಳು ಮುಂದಿನ ತಿರುವಿಗೆ ನಿಲ್ಲಲಿ ಅಂತ ಹೀಗೆ.

ಚಿಕ್ಕಪ್ಪ: ನನಗಂತೂ ಉಬ್ಬಿದ ಹಾಗೇ ಕಾಣ್ತಿದೆ.

ಅಕ್ಕ: ಫೋನಿನ ತಲೆ ಎಡಕ್ಕೆ ಬರುವ ಹಾಗೆ ಅಡ್ಡ ತಿರುಗಿಸಿ. ನೆರಳು ನಮ್ಮ ಕಡೆಗೆ ಬೀಳುವ ಹಾಗೆ ಹಿಡಿಯಬೇಕು, ಇಲ್ಲದಿದ್ದರೆ ತಗ್ಗೇ ದಿಬ್ಬದಂತೆ ಕಾಣುತ್ತದೆ. ನಂಬಿಕೆ ಇಲ್ಲವೇ? ಕಳಿಸಿದ ಹಾಗೇ ಇಟ್ಟು ಮರ ನೋಡಿ. ನೆರಳು ಎಡಕ್ಕಿದೆ, ಬಿಸಿಲು ಬಲದಿಂದ. ಗೆರೆಯ ಬಲ ಅಂಚು ಕಪ್ಪು, ಎಡ ಅಂಚು ಬೆಳಕು. ಅಂದರೆ ತಗ್ಗು. ಒಡ್ಡಾಗಿದ್ದರೆ ಎಡಗಡೆ ಕಪ್ಪಿರುತ್ತಿತ್ತು.

ಮಾಮ: ನೋಡಿದ್ರಾ! ಟ್ರೆಂಚೇ!

ಅಕ್ಕ: ಟ್ರೆಂಚ್ ಹೌದು, ಹಗರಿ ಅಲ್ಲ. ಸುತ್ತ ಒಂದರ ಮೇಲೊಂದು ಗುಂಡಿಗಳಿವೆ, ಎಲ್ಲಾ ಶೆಲ್ ಬಿದ್ದವು. ಬಳ್ಳಾರಿ ಮೇಲೆ ಶೆಲ್ ಹಾಕಿದವರು ಯಾರು?

ಮಾಮ: ದಂಡು ಇದ್ದ ಊರು. ತಾಲೀಮಿಗೆ ಅಗೆದಿರಬಹುದಲ್ವಾ? ಗುಂಡಿ ಅಂದರೆ ಸಂಡೂರಿನ ಗಣಿಗಳಲ್ಲಿ ಏನು ಕಡಿಮೆ ಇವೆಯಾ?

ಅಕ್ಕ: ತಾಲೀಮಿನ ಟ್ರೆಂಚ್‌ಗಳು ಇಂಗ್ಲೆಂಡಿನಲ್ಲೂ ಬೇಕಾದಷ್ಟಿವೆ. ಅಂಕುಡೊಂಕು ಇದೇ ತರಹ, ಆದರೆ ಸುತ್ತ ಹೀಗೆ ಶೆಲ್ ಬಿದ್ದಿರುವುದಿಲ್ಲ. ಇದರಲ್ಲಿ ಹೊರ ಹಾಕಿದ ಮಣ್ಣು ಸುಣ್ಣದಷ್ಟು ಬಿಳಿ. ಫ್ರಾನ್ಸಿನ ಸೋಮ್ ಕಡೆ ನೆಲದಡಿ ಸೀಮೆಸುಣ್ಣದ ಕಲ್ಲಿದೆ. 1916ರ ಯುದ್ಧದಲ್ಲಿ ತೆಗೆದ ಅಲ್ಲಿನ ಚಿತ್ರಗಳು ಹೀಗೇ ಇವೆ.

ಚಿಕ್ಕಪ್ಪ: ಎರೆ ನೆಲದಲ್ಲೂ ಆಳಕ್ಕೆ ಹೋದರೆ ಸುಣ್ಣದ ಹರಳು ಸಿಗುತ್ತದಮ್ಮ.

ಅಕ್ಕ: ಸಿಗುತ್ತದೆ. ಬಣ್ಣ ಒಂದನ್ನೇ ನಂಬಬೇಡಿ, ಒಪ್ಪಿದೆ. ಅದಕ್ಕೇ ಹಗರಿಯ ನೆಲವನ್ನೇ ಹೋಲಿಸಿ. ಅಮೆರಿಕದ ಕರೋನಾ ಬೇಹು ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳನ್ನು 1995ರಲ್ಲಿ ಬಿಟ್ಟುಕೊಟ್ಟಿದ್ದಾರೆ, ಅವುಗಳಲ್ಲಿ ಹುಡುಕಿ. ಮಾಮ, ನಿಮಗೆ ಬಂದಿದ್ದರಲ್ಲಿ ಕೆಳಗಿನ ಅಂಚು ಇದೆಯಾ? ಆಗಿನ ಪ್ರಿಂಟಿನಲ್ಲಿ ತಾರೀಕು, ಮ್ಯಾಪಿನ ನಂಬರ್ ಬರೆಯುತ್ತಿದ್ದರು.

ಮಾಮ: ಇಲ್ಲ. ಕತ್ತರಿಸಿದ್ದಾರೆ.

ಚಿಕ್ಕಪ್ಪ: ಕತ್ತರಿಸಿದವನನ್ನು ಮೊದಲು ಹಿಡೀರಿ.